ಆಕ್ಸೈಡುಗಳ ಅರ್ಧ ಶತಮಾನ: ಪ್ರೊ. ಸಿ.ಎನ್.ಆರ್. ರಾವ್ ಅವರ ಸಂಶೋಧನೆಯ ಒಂದು ಪರಾಮರ್ಶೆ

ರಾಜಾಜಿನಗರ, ಬಸವೇಶ್ವರನಗರಗಳ ಕಡೆಯಿಂದ ಮೇಖ್ರಿ ವೃತ್ತದತ್ತ ಹೊರಟವರು ದಾರಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಗ್ಗುಲಿನ ವೃತ್ತವೊಂದನ್ನು ದಾಟುತ್ತಾರೆ. ಆ ವೃತ್ತಕ್ಕೂ ಅಲ್ಲಿಯ ಕೆಳಸೇತುವೆಗೂ ಪ್ರೊ. ಸಿ.ಎನ್.ಆರ್. ರಾವ್ ಅವರ ಹೆಸರನ್ನು ಅವರ ಜೀವಿತಕಾಲದಲ್ಲಿಯೇ ಇಡಲಾಗಿದೆ. ರಸಾಯನಶಾಸ್ತ್ರಜ್ಞನೊಬ್ಬನ ಹೆಸರು ನಗರದ ದಿನನಿತ್ಯದ ಮಾತಿನಲ್ಲಿ, ಬಸ್ಸಿನ ನಿರ್ವಾಹಕರ ಬಾಯಲ್ಲಿ ನೆಲೆಗೊಳ್ಳುವುದು ಅಪರೂಪದ ಸಂಗತಿ. ಆದರೆ ಹೆಸರು ಹೀಗೆ ಪರಿಚಿತವಾದಷ್ಟೂ ಕೆಲಸವು ಅಪರಿಚಿತವಾಗಿಯೇ ಉಳಿದಿದೆ. ಕನ್ನಡದಲ್ಲಿ ರಾವ್ ಅವರನ್ನು ಕುರಿತು ಬಂದಿರುವ ಬರಹಗಳಲ್ಲಿ ಬಹುಪಾಲು ಒಂದೇ ಜಾಡಿನವು: ಜನನ, ವಿದ್ಯಾಭ್ಯಾಸ, ಪದವಿಗಳು, ಪ್ರಶಸ್ತಿಗಳು, ಒಂದೂವರೆ ಸಾವಿರಕ್ಕೂ ಮೀರಿದ ಸಂಶೋಧನ ಲೇಖನಗಳು, ಕೊನೆಗೆ ೨೦೧೪ರ ಭಾರತರತ್ನ. ಕವಿಯೊಬ್ಬನ ಬಗ್ಗೆ ಹೀಗೆ ಬರೆದರೆ ನಾವು ಅದನ್ನು ವಿಮರ್ಶೆಯೆಂದು ಒಪ್ಪುವುದಿಲ್ಲ. ಆತನ ಕವಿತೆಯಲ್ಲಿ ಏನಿದೆಯೆಂದು ಕೇಳುತ್ತೇವೆ. ವಿಜ್ಞಾನಿಯ ವಿಷಯದಲ್ಲಿ ಮಾತ್ರ ಈ ಪ್ರಶ್ನೆಯನ್ನು ಕೇಳದೆ ಬಿಡುವುದು ರೂಢಿಯಾಗಿದೆ.

ಪ್ರಸ್ತುತ ಪ್ರಬಂಧವು ಆ ಪ್ರಶ್ನೆಯನ್ನು ಕೇಳಲು ಹೊರಟಿದೆ. ರಾವ್ ಅವರ ವಿಸ್ತಾರವಾದ ಬರವಣಿಗೆಯಲ್ಲಿ ತಿರುಳು ಯಾವುದು, ಅದರ ಸುತ್ತ ಬೆಳೆದದ್ದು ಯಾವುದು? ನನ್ನ ವಾದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲೋಹದ ಆಕ್ಸೈಡುಗಳ, ಅದರಲ್ಲೂ ಸಂಕ್ರಮಣ ಲೋಹಗಳ ಆಕ್ಸೈಡುಗಳ ಒಂದು ಕುಟುಂಬವನ್ನು ಹಿಡಿದು ಸುಮಾರು ೧೯೬೫ರಿಂದ ೨೦೦೦ದವರೆಗೆ ಅವರು ನಡೆಸಿದ ಅಧ್ಯಯನವೇ ಈ ಬದುಕಿನ ನಿಜವಾದ ಕೃತಿ. ಅದರ ಬೆಲೆಯನ್ನು ಲೇಖನಗಳ ಎಣಿಕೆಯಾಗಲಿ, ಪ್ರಶಸ್ತಿಗಳ ಪಟ್ಟಿಯಾಗಲಿ ಹೇಳಲಾರವು. ಅಷ್ಟೇ ಅಲ್ಲ, ಕೆಲವೊಮ್ಮೆ ಅವು ಅದನ್ನು ಮರೆಮಾಡುತ್ತವೆ.

‘ನಿರವಯವ ರಸಾಯನಶಾಸ್ತ್ರ’ ಎಂಬ ಮಾತನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಲವಣ ವಿಶ್ಲೇಷಣೆ. ವಿಜಯನಗರದ ಕಾಲೇಜಾಗಲಿ ಕೆಂಗೇರಿಯ ಕಾಲೇಜಾಗಲಿ, ಪ್ರಯೋಗಶಾಲೆಯಲ್ಲಿ ಹುಡುಗರು ಕೊಟ್ಟ ಪುಡಿಯನ್ನು ಕರಗಿಸಿ, ಒಂದೊಂದೇ ಕಾರಕವನ್ನು ಸೇರಿಸಿ, ಪ್ರಕ್ಷೇಪದ ಬಣ್ಣ ನೋಡಿ ಅದರಲ್ಲಿರುವ ಲೋಹವನ್ನೂ ಆಮ್ಲಭಾಗವನ್ನೂ ಪತ್ತೆಹಚ್ಚುತ್ತಾರೆ. ಈ ಅಭ್ಯಾಸವು ಉಪಯುಕ್ತವೇ ಸರಿ. ಆದರೆ ಅದರ ಮೊದಲ ಹೆಜ್ಜೆಯೇ ಘನವಸ್ತುವನ್ನು ಕರಗಿಸಿ ನಾಶಮಾಡುವುದು. ಪುಡಿಯೊಳಗೆ ಪರಮಾಣುಗಳು ಹೇಗೆ ಜೋಡಣೆಗೊಂಡಿದ್ದವು, ಆ ಜೋಡಣೆಯಿಂದ ಯಾವ ಗುಣ ಹುಟ್ಟಿತ್ತು ಎಂಬ ಪ್ರಶ್ನೆ ನೀರಿನಲ್ಲಿಯೇ ಕರಗಿಹೋಗುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ರಸಾಯನಶಾಸ್ತ್ರಜ್ಞರಲ್ಲಿ ಬಹುಮಂದಿ ದ್ರಾವಣಗಳಲ್ಲಿ, ಅನಿಲಗಳಲ್ಲಿ, ಒಂಟಿ ಅಣುಗಳಲ್ಲಿ ಆಸಕ್ತರಾಗಿದ್ದರು. ಘನವನ್ನು ಘನವಾಗಿಯೇ ನೋಡುವ ಕೆಲಸವನ್ನು ಭೌತಶಾಸ್ತ್ರಜ್ಞರಿಗೂ ಲೋಹಶಾಸ್ತ್ರಜ್ಞರಿಗೂ ಬಿಟ್ಟಿದ್ದರು. ರಾವ್ ಅವರು ತಮ್ಮನ್ನು ಘನಸ್ಥಿತಿ ರಸಾಯನಶಾಸ್ತ್ರಜ್ಞರೆಂದು ಕರೆದುಕೊಂಡದ್ದರ ಅರ್ಥ ಇಲ್ಲಿದೆ. ನಿರವಯವ ರಸಾಯನದ ಹಳೆಯ ಸಾಮಗ್ರಿಯನ್ನೇ ಹಿಡಿದು, ಅದನ್ನು ಕರಗಿಸದೆ ಓದುವುದು ಅವರ ಆಯ್ಕೆಯಾಗಿತ್ತು.

ಜೀವನದ ವಿವರಗಳು ಹಲವೆಡೆ ಬಂದಿರುವುದರಿಂದ ಇಲ್ಲಿ ಸಂಕ್ಷೇಪವೇ ಸಾಕು. ೧೯೩೪ರ ಜೂನ್ ೩೦ರಂದು ಬೆಂಗಳೂರಿನಲ್ಲಿ ಜನನ. ತಂದೆ ಹನುಮಂತ ನಾಗೇಶ ರಾವ್, ತಾಯಿ ನಾಗಮ್ಮ. ಮೊದಲ ಪಾಠಗಳು ಶಾಲೆಯಲ್ಲಲ್ಲ, ಮನೆಯಲ್ಲಿ ತಾಯಿಯಿಂದ. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಪ್ರೌಢಶಿಕ್ಷಣ, ಸೆಂಟ್ರಲ್ ಕಾಲೇಜಿನಲ್ಲಿ ಓದಿ ೧೯೫೧ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವಿ. ಬಳಿಕ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಲೈನಸ್ ಪಾಲಿಂಗ್ ಅವರು ರಾಸಾಯನಿಕ ಬಂಧವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವು ಈ ವಿದ್ಯಾರ್ಥಿದೆಸೆಯಲ್ಲಿ ಅವರ ಕೈಗೆ ಬಂದು ದಾರಿ ತಿರುಗಿಸಿತು ಎಂಬುದನ್ನು ಅವರೇ ಮತ್ತೆ ಮತ್ತೆ ಹೇಳಿದ್ದಾರೆ. ಸಂರಚನೆಯಿಂದ ಗುಣಕ್ಕೆ ಹೋಗುವ ಯೋಚನಾಕ್ರಮ ಪಾಲಿಂಗ್ ಅವರದು. ರಾವ್ ಅವರ ಮುಂದಿನ ಬರವಣಿಗೆಯನ್ನು ಓದುವವರಿಗೆ ಈ ಋಣ ಪುಟಪುಟದಲ್ಲಿಯೂ ಕಾಣುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ೧೯೫೮ರಲ್ಲಿ ಪಿಎಚ್.ಡಿ., ಬರ್ಕ್ಲಿಯಲ್ಲಿ ಕೆನೆತ್ ಪಿಟ್ಜರ್ ಅವರೊಡನೆ ಅಲ್ಪಕಾಲದ ಸಂಶೋಧನೆ. ೧೯೫೯ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಹಿಂದಿರುಗಿದರು.

ಈ ಮೊದಲ ಹಂತದಲ್ಲಿ ಅವರಿಗೆ ಹೆಸರು ತಂದದ್ದು ರೋಹಿತಶಾಸ್ತ್ರ. ನೇರಳಾತೀತ ಹಾಗೂ ದೃಗ್ಗೋಚರ ರೋಹಿತವನ್ನು ಕುರಿತ ಪುಸ್ತಕ ೧೯೬೧ರಲ್ಲಿ, ಅವಕೆಂಪು ರೋಹಿತದ ರಾಸಾಯನಿಕ ಉಪಯೋಗಗಳನ್ನು ಕುರಿತ ದೊಡ್ಡ ಗ್ರಂಥ ೧೯೬೩ರಲ್ಲಿ ಪ್ರಕಟವಾದವು. ಮೂವತ್ತರೊಳಗಿನ ವಯಸ್ಸಿನ ಅಧ್ಯಾಪಕರಿಂದ ಬಂದ ಈ ಪುಸ್ತಕಗಳು ಪ್ರಯೋಗಶಾಲೆಗಳಲ್ಲಿ ಬಳಕೆಗೊಂಡವು. ಆದರೆ ಅದೇ ಕಾಲದ ಇನ್ನೊಂದು ಸಣ್ಣ ಕೆಲಸವು ಮುಂದಿನ ದೃಷ್ಟಿಯಿಂದ ಹೆಚ್ಚು ಅರ್ಥಪೂರ್ಣವೆಂದು ನನಗೆ ತೋರುತ್ತದೆ. ಗೋಡೆಯ ಬಿಳಿ ಬಣ್ಣದಲ್ಲಿ ಬಳಸುವ ಟೈಟೇನಿಯಂ ಡೈಆಕ್ಸೈಡಿಗೆ ಅನಟೇಸ್, ರುಟೈಲ್ ಎಂಬ ಎರಡು ಸ್ಫಟಿಕ ರೂಪಗಳುಂಟು. ಕಾಯಿಸಿದಾಗ ಮೊದಲನೆಯದು ಎರಡನೆಯದಾಗಿ ಮಾರ್ಪಡುತ್ತದೆ. ಅತಿ ಶುದ್ಧವಾದ ಅನಟೇಸ್ ಯಾವ ಉಷ್ಣತೆಯಲ್ಲಿ ಯಾವ ವೇಗದಿಂದ ಮಾರ್ಪಡುತ್ತದೆ, ಕಲಬೆರಕೆ ಅಂಶಗಳು ಆ ವೇಗವನ್ನು ಹೇಗೆ ಹೆಚ್ಚುಕಡಮೆ ಮಾಡುತ್ತವೆ ಎಂಬುದನ್ನು ರಾವ್ ಅವರೂ ಅವರ ವಿದ್ಯಾರ್ಥಿಗಳೂ ೧೯೬೧-೬೨ರ ಲೇಖನಗಳಲ್ಲಿ ಅಳೆದರು. ಇದಕ್ಕೆ ಬೇಕಾದದ್ದು ಒಂದು ಒಳ್ಳೆಯ ಕುಲುಮೆ, ಒಂದು ಕ್ಷ-ಕಿರಣ ಉಪಕರಣ ಮತ್ತು ತಾಳ್ಮೆ. ಬಡ ಪ್ರಯೋಗಶಾಲೆಯೊಂದರಲ್ಲಿ ಕೇಳಬಹುದಾದ, ಆದರೆ ಉತ್ತರ ಮಾತ್ರ ಬಡವಲ್ಲದ ಪ್ರಶ್ನೆ ಯಾವುದೆಂಬುದನ್ನು ಆ ತರುಣರು ಇಲ್ಲಿ ಕಂಡುಕೊಂಡಂತೆ ತೋರುತ್ತದೆ.

೧೯೬೩ರಲ್ಲಿ ಅವರು ಹೊಸದಾಗಿ ರೂಪುಗೊಳ್ಳುತ್ತಿದ್ದ ಕಾನ್ಪುರದ ಐ.ಐ.ಟಿ.ಗೆ ಹೋದರು; ೧೯೭೬ರವರೆಗೆ ಅಲ್ಲಿದ್ದರು. ಆಕ್ಸೈಡುಗಳ ಕಥೆ ನಿಜವಾಗಿ ಮೊದಲಾಗುವುದು ಕಾನ್ಪುರದಲ್ಲಿಯೇ. ಇಲ್ಲಿಂದ ಮುಂದಿನ ಚರ್ಚೆಗೆ ಪೆರೊವ್‌ಸ್ಕೈಟ್ ಎಂಬ ಸಂರಚನೆಯ ತಿಳಿವಳಿಕೆ ಅಗತ್ಯ. ಒಂದು ಘನಾಕೃತಿಯನ್ನು ಕಲ್ಪಿಸಿಕೊಳ್ಳಬೇಕು. ಅದರ ನಡುವೆ ಲ್ಯಾಂಥನಮ್‌ನಂಥ ದೊಡ್ಡ ಪರಮಾಣು. ಎಂಟು ಮೂಲೆಗಳಲ್ಲಿ ಕೋಬಾಲ್ಟ್, ಮ್ಯಾಂಗನೀಸ್, ನಿಕ್ಕಲ್ ಮೊದಲಾದ ಸಂಕ್ರಮಣ ಲೋಹದ ಸಣ್ಣ ಪರಮಾಣು. ಅಂಚುಗಳ ಮಧ್ಯದಲ್ಲಿ ಆಮ್ಲಜನಕ. ಹೀಗೆ ಪ್ರತಿ ಲೋಹ ಪರಮಾಣುವನ್ನೂ ಆರು ಆಮ್ಲಜನಕಗಳು ಸುತ್ತುವರಿದಿರುತ್ತವೆ, ಮತ್ತು ಲೋಹ, ಆಮ್ಲಜನಕ, ಮತ್ತೆ ಲೋಹ ಎಂಬ ಸರಪಳಿ ಮೂರೂ ದಿಕ್ಕುಗಳಲ್ಲಿ ಹಬ್ಬಿರುತ್ತದೆ. ಎಲೆಕ್ಟ್ರಾನುಗಳು ಈ ಸರಪಳಿಯಲ್ಲಿ ಹರಿದಾಡಿದರೆ ವಸ್ತು ಲೋಹದಂತೆ ವಿದ್ಯುತ್ತನ್ನು ಒಯ್ಯುತ್ತದೆ. ತಮ್ಮ ತಮ್ಮ ಪರಮಾಣುವಿಗೇ ಅಂಟಿಕೊಂಡು ಕುಳಿತರೆ ಅವಾಹಕವಾಗುತ್ತದೆ, ಆದರೆ ಆಗ ಅದು ಕಾಂತಗುಣವನ್ನು ತೋರಬಹುದು. ಹರಿಯುವುದೋ ಕೂರುವುದೋ ಎಂಬ ಈ ದ್ವಂದ್ವವೇ ರಾವ್ ಅವರ ಸಂಶೋಧನೆಯ ಪಲ್ಲವಿ. ನೆವಿಲ್ ಮಾಟ್ ಇದನ್ನು ಭೌತಶಾಸ್ತ್ರದ ಕಡೆಯಿಂದ, ಜಾನ್ ಗುಡ್‌ಇನಫ್ ರಾಸಾಯನಿಕ ಬಂಧದ ಕಡೆಯಿಂದ ವಿವೇಚಿಸಿದ್ದರು. ರಾವ್ ಇಬ್ಬರಿಂದಲೂ ಕಲಿತರು. ಅವರು ತಮ್ಮದಾಗಿ ಸೇರಿಸಿದ್ದು ರಸಾಯನಶಾಸ್ತ್ರಜ್ಞನ ಹಟವನ್ನು: ಒಂದು ವಸ್ತುವನ್ನಲ್ಲ, ಒಂದು ಇಡೀ ಸರಣಿಯನ್ನು ತಯಾರಿಸುವುದು, ಲೋಹವನ್ನು ಒಂದೊಂದಾಗಿ ಬದಲಿಸಿ, ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ಗುಣ ಎಲ್ಲಿ ಹೊರಳುತ್ತದೆಂದು ಕಾದು ನೋಡುವುದು.

ಲ್ಯಾಂಥನಮ್ ಕೋಬಾಲ್ಟ್ ಆಕ್ಸೈಡಿನ ಮೇಲಣ ಕೆಲಸ ಇದಕ್ಕೆ ಉತ್ತಮ ನಿದರ್ಶನ. ಇದರಲ್ಲಿರುವ ಕೋಬಾಲ್ಟ್ ಅಯಾನಿನ ಹೊರಕವಚದಲ್ಲಿ ಆರು ಎಲೆಕ್ಟ್ರಾನುಗಳಿವೆ. ತಣ್ಣಗಿರುವಾಗ ಅವು ಜೋಡಿಜೋಡಿಯಾಗಿ ಕುಳಿತು ಪರಸ್ಪರರ ಕಾಂತಗುಣವನ್ನು ಅಳಿಸಿಬಿಡುತ್ತವೆ. ಉಷ್ಣತೆ ಏರಿದಂತೆ ಜೋಡಿ ಒಡೆದು ಒಂಟಿ ಎಲೆಕ್ಟ್ರಾನುಗಳು ಕಾಣಿಸಿಕೊಳ್ಳುತ್ತವೆ, ವಸ್ತು ಕಾಂತಕ್ಕೆ ಸ್ಪಂದಿಸತೊಡಗುತ್ತದೆ. ಇನ್ನೂ ಕಾಯಿಸಿದರೆ ವಿದ್ಯುದ್ವಾಹಕವಾಗುವತ್ತ ಸಾಗುತ್ತದೆ. ರಾಕಾ ಮತ್ತು ಗುಡ್‌ಇನಫ್ ೧೯೬೭ರಲ್ಲಿ ಈ ವಿದ್ಯಮಾನಕ್ಕೆ ಒಂದು ಚೌಕಟ್ಟು ಹಾಕಿಕೊಟ್ಟಿದ್ದರು. ರಾವ್ ಅವರು ವಿ.ಜಿ. ಭಿಡೆ ಮೊದಲಾದವರೊಡನೆ ೧೯೭೨ರಲ್ಲಿ ಪ್ರಕಟಿಸಿದ ಅಧ್ಯಯನವು ಮಾಸ್‌ಬೌವರ್ ವಿಧಾನದಿಂದ ಎರಡು ಬಗೆಯ ಕೋಬಾಲ್ಟ್ ಸ್ಥಿತಿಗಳ ಸಮತೋಲವನ್ನು ಉಷ್ಣತೆಯ ಜೊತೆಜೊತೆಯಾಗಿ ಹಿಂಬಾಲಿಸಿತು. ಇವೆರಡರ ನಡುವೆ ಮಧ್ಯಮ ಸ್ಥಿತಿಯೊಂದು ಇರಬೇಕೆಂಬ ವಾದ ತೊಂಬತ್ತರ ದಶಕದಲ್ಲಿ ಬಲಗೊಂಡು, ಹಳೆಯ ವ್ಯಾಖ್ಯಾನವು ಚರ್ಚೆಗೆ ಒಳಗಾಯಿತು. ಇದನ್ನು ರಾವ್ ಅವರ ಸೋಲೆಂದು ಎಣಿಸಬೇಕಾಗಿಲ್ಲ. ಅರ್ಧ ಶತಮಾನದ ನಂತರವೂ ಒಂದು ಸರಳ ಸಂಯುಕ್ತದ ಬಗ್ಗೆ ವಿದ್ವಾಂಸರು ಜಗಳವಾಡುತ್ತಿದ್ದಾರೆಂದರೆ, ಅದನ್ನು ಮೊದಲಲ್ಲಿಯೇ ಆರಿಸಿಕೊಂಡವರ ಮೂಗು ಚುರುಕಾಗಿತ್ತೆಂದೇ ಅರ್ಥ.

ಎರಡನೆಯ ಸರಣಿ ಇನ್ನೂ ಮುಖ್ಯವಾದದ್ದು. ಪೆರೊವ್‌ಸ್ಕೈಟ್‌ನ ಒಂದು ಪದರವನ್ನು ತೆಗೆದು, ಅದರ ಮೇಲೆ ಅಡುಗೆ ಉಪ್ಪಿನಂಥ ರಚನೆಯ ಪದರವನ್ನಿಟ್ಟು, ಮತ್ತೆ ಪೆರೊವ್‌ಸ್ಕೈಟ್ ಪದರವನ್ನು ಪೇರಿಸಿದರೆ ಪೊಟ್ಯಾಸಿಯಂ ನಿಕ್ಕಲ್ ಫ್ಲೋರೈಡಿನ ಸಂರಚನೆ ದೊರೆಯುತ್ತದೆ. ಇಲ್ಲಿ ಲೋಹ-ಆಮ್ಲಜನಕದ ಸರಪಳಿ ಪದರದೊಳಗೆ ಮಾತ್ರ ಅಖಂಡ. ಮೇಲಕ್ಕೆ ಕೆಳಕ್ಕೆ ಅದು ಕಡಿದುಹೋಗಿರುತ್ತದೆ. ಎಲೆಕ್ಟ್ರಾನುಗಳಿಗೆ ಮೂರು ಆಯಾಮದ ಬಯಲಿನ ಬದಲು ಎರಡು ಆಯಾಮದ ಚಾಪೆ ಸಿಕ್ಕಂತೆ. ಪಿ. ಗಂಗೂಲಿ ಮತ್ತು ರಾವ್ ಇಂಥ ಆಕ್ಸೈಡುಗಳ ವಿದ್ಯುತ್ ಗುಣಗಳನ್ನು ಕುರಿತು ೧೯೭೩ರಲ್ಲಿಯೇ ಲೇಖನ ಪ್ರಕಟಿಸಿದರು. ೧೯೮೪ರಲ್ಲಿ ಈ ಇಡೀ ಕುಟುಂಬದ ಸ್ಫಟಿಕ ರಸಾಯನವನ್ನೂ ಕಾಂತಗುಣಗಳನ್ನೂ ಒಟ್ಟಿಗೆ ಪರಿಶೀಲಿಸಿದ ದೀರ್ಘ ಪ್ರಬಂಧ ಬಂತು. ಅವರು ಪರೀಕ್ಷಿಸಿದ ವಸ್ತುಗಳಲ್ಲಿ ಲ್ಯಾಂಥನಮ್ ತಾಮ್ರ ಆಕ್ಸೈಡ್ ಒಂದಾಗಿತ್ತು. ೧೯೮೪ರಲ್ಲಿ ಈ ಹೆಸರನ್ನು ಕೇಳಿದವರು ಜಗತ್ತಿನಲ್ಲಿ ಕೆಲವೇ ಮಂದಿ. ಮೂರು ವರ್ಷಗಳಲ್ಲಿ ಅದು ವಿಜ್ಞಾನಲೋಕದ ಮನೆಮಾತಾಯಿತು.

ಆ ಕಥೆಗೆ ಬರುವ ಮೊದಲು ತಯಾರಿಕೆಯ ವಿಷಯವಾಗಿ ಒಂದೆರಡು ಮಾತು ಅಗತ್ಯ. ಏಕೆಂದರೆ ರಾವ್ ಅವರನ್ನು ಕುರಿತ ಹೊಗಳಿಕೆಯ ಬರಹಗಳಲ್ಲಿ ತೀರ ಕಡೆಗಣಿಸಲ್ಪಟ್ಟಿರುವುದು ಇದೇ ಅಂಶ. ೧೯೭೬ರಲ್ಲಿ, ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ಮತ್ತು ಸಂರಚನಾ ರಸಾಯನ ಘಟಕವನ್ನು ಕಟ್ಟಿದ ಮೇಲೆ ಈ ಬಗೆಯ ಕೆಲಸ ವ್ಯಾಪಕವಾಗಿ ಬೆಳೆಯಿತು. ಮಿಶ್ರ ಆಕ್ಸೈಡನ್ನು ತಯಾರಿಸುವ ರೂಢಿಯ ಮಾರ್ಗ ಕುಂಬಾರಿಕೆಯದು: ಎರಡು ಪುಡಿಗಳನ್ನು ಸೇರಿಸಿ ಅರೆಯುವುದು, ಬಿಲ್ಲೆ ಮಾಡಿ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ದಿನಗಟ್ಟಲೆ ಕಾಯಿಸುವುದು, ತೆಗೆದು ಮತ್ತೆ ಅರೆಯುವುದು, ಮತ್ತೆ ಕಾಯಿಸುವುದು. ಎಷ್ಟು ಅರೆದರೂ ಪುಡಿಯ ಒಂದು ಕಣವೆಂದರೆ ಸಾವಿರಾರು ಪರಮಾಣುಗಳ ದೂರ. ಒಂದು ಲೋಹವು ಇನ್ನೊಂದನ್ನು ತಲಪಲು ಅಷ್ಟು ದೂರ ಘನದೊಳಗೇ ತೆವಳಬೇಕು. ಇದಕ್ಕೆ ಬದಲಾಗಿ ಎರಡೂ ಲೋಹಗಳು ಒಂದೇ ಸ್ಫಟಿಕದೊಳಗೆ ಮೊದಲೇ ಬೆರೆತಿರುವ ಕಾರ್ಬೊನೇಟನ್ನು ತಯಾರಿಸಿಕೊಂಡು, ಅದನ್ನು ಕಾಯಿಸಿ ಇಂಗಾಲದ ಡೈಆಕ್ಸೈಡನ್ನು ಹೊರಗಟ್ಟಿದರೆ, ಲೋಹಗಳು ನೆರೆಹೊರೆಯಲ್ಲಿಯೇ ಇರುವುದರಿಂದ ಕಡಮೆ ಉಷ್ಣತೆಯಲ್ಲಿ, ಕಡಮೆ ಹೊತ್ತಿನಲ್ಲಿ ಬೇಕಾದ ಆಕ್ಸೈಡ್ ಕೈಸೇರುತ್ತದೆ. ಈ ತತ್ತ್ವವನ್ನು ಅಮೆರಿಕದ ಸಂಶೋಧಕರು ಮೊದಲೇ ತೋರಿಸಿದ್ದರು, ಕೆ. ವಿದ್ಯಾಸಾಗರ್, ಜೆ. ಗೋಪಾಲಕೃಷ್ಣನ್ ಮತ್ತು ರಾವ್ ೧೯೮೪ರಲ್ಲಿ ಇದನ್ನು ಹಲವು ಲೋಹಗಳಿಗೆ ವಿಸ್ತರಿಸಿ ಸಾಮಾನ್ಯ ವಿಧಾನವನ್ನಾಗಿ ರೂಪಿಸಿದರು. ಗೋಪಾಲಕೃಷ್ಣನ್ ಅವರೊಡನೆ ೧೯೮೬ರಲ್ಲಿ ಬರೆದ ಘನಸ್ಥಿತಿ ರಸಾಯನದ ಹೊಸ ದಿಕ್ಕುಗಳನ್ನು ಕುರಿತ ಗ್ರಂಥದಲ್ಲಿ ತಯಾರಿಕೆಗೆ ದೊರೆತಿರುವ ಗೌರವದ ಸ್ಥಾನವನ್ನು ಗಮನಿಸಬೇಕು. ಅಳತೆ ಮಾಡುವವರು ಹಲವರಿದ್ದರು. ಅಳತೆಗೆ ಯೋಗ್ಯವಾದ ಮಾದರಿಯನ್ನು ಮಾಡಿಕೊಡುವ ಕೈಗಳೇ ವಿರಳವಾಗಿದ್ದವು.

೧೯೮೬ರಲ್ಲಿ ಸ್ವಿಟ್ಜರ್‌ಲೆಂಡಿನ ಬೆಡ್ನೋರ್ಜ್ ಮತ್ತು ಮ್ಯೂಲರ್, ಬೇರಿಯಂ ಬೆರೆತ ಲ್ಯಾಂಥನಮ್ ತಾಮ್ರ ಆಕ್ಸೈಡಿನಲ್ಲಿ ಸುಮಾರು ೩೦ ಕೆಲ್ವಿನ್ ಉಷ್ಣತೆಯಲ್ಲಿಯೇ ಅತಿವಾಹಕತೆಯ ಲಕ್ಷಣಗಳನ್ನು ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಈ ಪ್ರಸಂಗವನ್ನು ನೆನೆಯುವಾಗಲೆಲ್ಲ ನಮ್ಮಲ್ಲಿ ಒಂದು ಹಳಹಳಿಕೆ ಕೇಳಿಬರುತ್ತದೆ: ಆ ವಸ್ತು ರಾವ್ ಅವರ ಕೈಯಲ್ಲಿ ಹದಿಮೂರು ವರ್ಷ ಮೊದಲೇ ಇತ್ತು, ನೊಬೆಲ್ ಕೂದಲೆಳೆಯಲ್ಲಿ ತಪ್ಪಿತು ಎಂದು. ಈ ಮಾತು ಅಭಿಮಾನದಿಂದ ಹುಟ್ಟಿದ್ದಾದರೂ ವಿಮರ್ಶೆಯ ಒರೆಗಲ್ಲಿಗೆ ನಿಲ್ಲುವುದಿಲ್ಲ. ಶುದ್ಧ ಲ್ಯಾಂಥನಮ್ ತಾಮ್ರ ಆಕ್ಸೈಡ್ ಅತಿವಾಹಕವಲ್ಲ, ಅವಾಹಕ. ಅದರಲ್ಲಿ ನೆರೆಯ ತಾಮ್ರಗಳ ಒಂಟಿ ಎಲೆಕ್ಟ್ರಾನುಗಳು ಪರಸ್ಪರ ವಿರುದ್ಧವಾಗಿ ನಿಂತಿರುತ್ತವೆ. ಲ್ಯಾಂಥನಮ್‌ನ ಒಂದು ಪಾಲನ್ನು ಬೇರಿಯಂ ಆಕ್ರಮಿಸಿದಾಗ ತಾಮ್ರ-ಆಮ್ಲಜನಕದ ಪದರದಲ್ಲಿ ಎಲೆಕ್ಟ್ರಾನುಗಳ ಕೊರತೆ ಉಂಟಾಗಿ ಹರಿವಿಗೆ ಎಡೆಯಾಗುತ್ತದೆ. ಆ ಬೆರಕೆ ಮಾಡಬೇಕು, ಮಾಡಿದ ಮೇಲೆ ದ್ರವ ಹೀಲಿಯಂನವರೆಗೆ ತಣಿಸಿ ನೋಡಬೇಕು. ಆಕ್ಸೈಡಿನಲ್ಲಿ ಅತಿವಾಹಕತೆಯನ್ನು ಹುಡುಕಬೇಕೆಂಬ ಬಯಕೆ ಮೊದಲೇ ಇದ್ದವರಿಗೆ ಮಾತ್ರ ಇದು ತೋಚುವ ದಾರಿ. ಗಂಗೂಲಿ-ರಾವ್ ಕೇಳಿದ್ದ ಪ್ರಶ್ನೆ ಬೇರೆಯದು. ಎರಡು ಆಯಾಮದಲ್ಲಿ ಎಲೆಕ್ಟ್ರಾನು ಹರಿಯುವುದೋ ಕೂರುವುದೋ ಎಂಬುದು. ಇನ್ನೂ ಒಂದು ಸಂಗತಿಯುಂಟು. ಫ್ರಾನ್ಸಿನ ಕಾನ್ ನಗರದ ಬರ್ನಾರ್ಡ್ ರಾವೋ ಅವರ ಗುಂಪು ಬೇರಿಯಂ, ಲ್ಯಾಂಥನಮ್, ತಾಮ್ರ ಮೂರೂ ಇರುವ ಆಕ್ಸೈಡುಗಳನ್ನೇ ತಯಾರಿಸಿ ಪ್ರಕಟಿಸಿತ್ತು. ಬೆಡ್ನೋರ್ಜ್ ಅವರಿಗೆ ಸುಳಿವು ಸಿಕ್ಕಿದ್ದು ಆ ಲೇಖನದಿಂದ. ತಪ್ಪಿತೆಂದು ಹೇಳುವುದಾದರೆ ಅವರಿಗೂ ತಪ್ಪಿತು. ಪ್ರಶ್ನೆ ಬದಲಾದಾಗ ಹಳೆಯ ವಸ್ತುವೇ ಹೊಸದಾಗುತ್ತದೆ. ಇದರಲ್ಲಿ ಮರುಗಬೇಕಾದದ್ದೇನೂ ಇಲ್ಲ.

ಮರುಕದ ಬದಲು ನಾವು ಗಮನಿಸಬೇಕಾದದ್ದು ೧೯೮೭ರ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು. ಅಮೆರಿಕದಲ್ಲಿ ವೂ, ಚೂ ಮತ್ತು ಸಂಗಡಿಗರು ಲ್ಯಾಂಥನಮ್ ಬದಲು ಯಿಟ್ರಿಯಂ ಬಳಸಿ ೯೦ ಕೆಲ್ವಿನ್‌ಗೂ ಮೇಲೆ ಅತಿವಾಹಕತೆಯನ್ನು ಪಡೆದಿದ್ದರು. ೭೭ ಕೆಲ್ವಿನ್‌ನಲ್ಲಿ ಕುದಿಯುವ ದ್ರವ ಸಾರಜನಕವೇ ಇದನ್ನು ತಣಿಸಲು ಸಾಕು. ದುಬಾರಿಯಾದ ಹೀಲಿಯಂ ಬೇಡ. ಆದರೆ ಅವರ ಮಾದರಿ ಹಸಿರು, ಕಪ್ಪು ವಸ್ತುಗಳ ಕಲಬೆರಕೆ. ಅತಿವಾಹಕವಾದ ಅಂಶ ಯಾವುದೆಂಬುದು ಆಗ ತಿಳಿದಿರಲಿಲ್ಲ. ಆ ಅಂಶವನ್ನು ಗುರುತಿಸಿದ ಗುಂಪುಗಳಲ್ಲಿ ರಾವ್, ಗಂಗೂಲಿ, ಎ.ಕೆ. ರಾಯ್‌ಚೌಧುರಿ, ಮೋಹನ್ ರಾಮ್, ಶ್ರೀಧರ್ ಇವರದೂ ಒಂದು. ‘ನೇಚರ್’ ಪತ್ರಿಕೆಯಲ್ಲಿ ೧೯೮೭ರಲ್ಲಿಯೇ ಅವರ ಲೇಖನ ಬಂತು. ಅವರು ಹಿಡಿದ ಜಾಡು ಸ್ವಾರಸ್ಯಕರವಾಗಿದೆ. ಮೂರು ಲ್ಯಾಂಥನಮ್, ಮೂರು ಬೇರಿಯಂ, ಆರು ತಾಮ್ರ, ಹದಿನಾಲ್ಕು ಆಮ್ಲಜನಕಗಳುಳ್ಳ ಒಂದು ಸಂಯುಕ್ತವನ್ನು ಫ್ರೆಂಚರು ೧೯೮೧ರಲ್ಲಿ ವರ್ಣಿಸಿದ್ದರು. ಲ್ಯಾಂಥನಮ್ ಜಾಗದಲ್ಲಿ ಯಿಟ್ರಿಯಂ ಇಟ್ಟು, ಯಿಟ್ರಿಯಂ ಒಂದು ಪಾಲು ತಗ್ಗಿ ಬೇರಿಯಂ ಒಂದು ಪಾಲು ಹೆಚ್ಚಿದರೆ ದೊರೆಯುವುದು ಎರಡು, ನಾಲ್ಕು, ಆರು. ಎರಡರಿಂದ ಭಾಗಿಸಿದರೆ ಒಂದು, ಎರಡು, ಮೂರು. ಇಂದು ಜಗತ್ತು ‘ಒಂದು-ಎರಡು-ಮೂರು’ ಎಂದೇ ಕರೆಯುವ ಆಕ್ಸೈಡ್ ಅದು. ಇಲ್ಲಿ ಅದೃಷ್ಟಕ್ಕಿಂತ ನೆನಪು ಹೆಚ್ಚು ಕೆಲಸ ಮಾಡಿದೆ. ಹದಿನೈದು ವರ್ಷಗಳ ಕಾಲ ಇಂಥ ಆಕ್ಸೈಡುಗಳ ವಂಶಾವಳಿಯನ್ನು ಬಾಯಿಪಾಠ ಮಾಡಿದ್ದವರಿಗೆ ಮಾತ್ರ ಆ ಹಳೆಯ ಸಂಯುಕ್ತ ತಕ್ಷಣ ನೆನಪಾಗಲು ಸಾಧ್ಯ. ಜೊತೆಗೆ, ಅತಿಶೀತದಲ್ಲಿ ಅಳೆಯಬಲ್ಲ ಭೌತಶಾಸ್ತ್ರಜ್ಞರು ಅದೇ ಆವರಣದಲ್ಲಿದ್ದರು. ಬೆಂಗಳೂರಿನ ಆ ಹಸಿರು ಆವರಣವು ಜಾಗತಿಕ ಸ್ಪರ್ಧೆಯೊಂದರಲ್ಲಿ ವಾರಗಳ ಲೆಕ್ಕದಲ್ಲಿ ಓಡಿದ ಕೆಲವೇ ಸಂದರ್ಭಗಳಲ್ಲಿ ಇದು ಒಂದು.

ಮ್ಯಾಂಗನೀಸ್ ಆಕ್ಸೈಡುಗಳ ಕೆಲಸವೂ ಇದೇ ಬಗೆಯದು. ಲ್ಯಾಂಥನಮ್ ಮ್ಯಾಂಗನೀಸ್ ಆಕ್ಸೈಡಿನಲ್ಲಿ ಕ್ಯಾಲ್ಸಿಯಂ ಅಥವಾ ಸ್ಟ್ರಾನ್ಷಿಯಂ ಬೆರೆಸಿದರೆ ಅದು ಕಾಂತವಾಗಿಯೂ ವಾಹಕವಾಗಿಯೂ ಮಾರ್ಪಡುವುದನ್ನು ಹಾಲೆಂಡಿನ ಯೋಂಕರ್ ಮತ್ತು ವಾನ್ ಸಾಂಟೆನ್ ೧೯೫೦ರಲ್ಲಿಯೇ ತಿಳಿಸಿದ್ದರು. ಕಾಂತಕ್ಷೇತ್ರದಲ್ಲಿಟ್ಟರೆ ಇವುಗಳ ವಿದ್ಯುತ್ ರೋಧ ಬಹಳವಾಗಿ ಕುಸಿಯುತ್ತದೆಂಬುದು ತೊಂಬತ್ತರ ದಶಕದಲ್ಲಿ ಪ್ರಸಿದ್ಧಿಗೆ ಬಂದಾಗ ರಾವ್ ಅವರ ಗುಂಪು ಸಿದ್ಧವಾಗಿಯೇ ಇತ್ತು. ಈ ಪರಿಣಾಮಕ್ಕೆ ತೆಳುಪೊರೆಯೇ ಬೇಕಾಗಿಲ್ಲ, ಸಾಮಾನ್ಯವಾದ ಗಟ್ಟಿ ಮಾದರಿಗಳಲ್ಲಿಯೂ ಅದು ಕಾಣುತ್ತದೆಂದು ೧೯೯೫ರಲ್ಲಿ ಅವರು ತೋರಿಸಿದರು. ಇದಕ್ಕಿಂತಲೂ ನನಗೆ ಮೆಚ್ಚುಗೆಯಾಗುವುದು ನಂತರದ ಕೆಲಸ: ಘನಾಕೃತಿಯ ನಡುವೆ ಕೂರುವ ದೊಡ್ಡ ಅಯಾನಿನ ಗಾತ್ರವನ್ನು ಹಂತಹಂತವಾಗಿ ಕುಗ್ಗಿಸುತ್ತ ಬಂದರೆ ಎಲೆಕ್ಟ್ರಾನುಗಳು ಹರಿಯುವುದನ್ನು ಬಿಟ್ಟು ಒಂದು ಕ್ರಮದಲ್ಲಿ ಸಾಲಾಗಿ ಕುಳಿತುಬಿಡುತ್ತವೆ ಎಂಬುದರ ನಿರೂಪಣೆ. ರಾವೋ ಅವರೊಡನೆ ೧೯೯೮ರಲ್ಲಿ ಸಂಪಾದಿಸಿದ ಗ್ರಂಥ ಈ ಕ್ಷೇತ್ರದ ಆಕರವಾಯಿತು.

ಇಷ್ಟು ವಿವರಗಳ ಬಳಿಕ ಎಣಿಕೆಯ ಪ್ರಶ್ನೆಗೆ ಬರಬಹುದು. ಮೇಲೆ ಹೆಸರಿಸಿದ ಲೇಖನಗಳು ಹತ್ತನ್ನು ಮೀರಲಾರವು. ಇವುಗಳ ಜೊತೆಗೆ ಇನ್ನೂ ನೂರನ್ನು ಸೇರಿಸಿದರೆ ಆಕ್ಸೈಡುಗಳ ತಿರುಳು ಮುಗಿಯುತ್ತದೆ. ಸಾವಿರದ ಐನೂರೆಂಬ ಸಂಖ್ಯೆಯನ್ನು ಬೆರಗಿನಿಂದ ಉಚ್ಚರಿಸುವವರು ಅದರಿಂದ ಏನನ್ನು ಸಾಧಿಸುತ್ತಾರೆಂಬುದು ತಿಳಿಯದು. ಅಂಥ ಸಂಖ್ಯೆಯ ಹಿಂದೆ ದೊಡ್ಡ ಗುಂಪು, ಹಲವು ವಿದ್ಯಾರ್ಥಿಗಳು, ಹಲವು ಕೈಗಳಿರುತ್ತವೆ. ಪ್ರತಿ ವಾಕ್ಯದ ಮೇಲೆ ಹಿರಿಯರ ಕಣ್ಣು ಬೀಳುವುದು ಕಷ್ಟ. ೨೦೧೧ರಲ್ಲಿ ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ, ಅವರ ಹೆಸರೂ ಇದ್ದ ಗ್ರಾಫೀನ್ ಸಂಬಂಧವಾದ ಲೇಖನವೊಂದರಲ್ಲಿ ಬೇರೆಯವರ ಲೇಖನದ ಕೆಲವು ವಾಕ್ಯಗಳು ಇದ್ದಂತೆಯೇ ಸೇರಿದ್ದುದು ಬೆಳಕಿಗೆ ಬಂದು, ಲೇಖಕರು ಅಲ್ಲಿಯೇ ಕ್ಷಮಾಪಣೆ ಪ್ರಕಟಿಸಬೇಕಾಯಿತು. ಫಲಿತಾಂಶಗಳು ಎರವಲು ಪಡೆದವಲ್ಲ, ಪೀಠಿಕೆಯಂಥ ಭಾಗದ ವಾಕ್ಯಗಳು ಎಂಬ ಸಮಾಧಾನವನ್ನು ಆಗ ಹೇಳಲಾಯಿತು. ಅದು ನಿಜವೂ ಹೌದು. ಆದರೂ ಲೇಖನದ ಮೇಲೆ ಹೆಸರಿಡುವುದೆಂದರೆ ಅದರ ಪ್ರತಿ ಸಾಲಿಗೂ ಹೊಣೆಯಾಗುವುದು. ಈ ಪ್ರಸಂಗವನ್ನು ಜೀವನಚರಿತ್ರೆಗಳಿಂದ ಹೊರಗಿಡುವುದು ಸರಿಯಲ್ಲ; ಅದನ್ನೇ ಮುಂದುಮಾಡಿ ಇಡೀ ಬದುಕನ್ನು ಅಳೆಯುವುದಂತೂ ಇನ್ನೂ ತಪ್ಪು.

ಸಹೋದ್ಯೋಗಿಗಳ ಹೆಸರುಗಳನ್ನು ಈ ಪ್ರಬಂಧದಲ್ಲಿ ಬೇಕೆಂದೇ ಮತ್ತೆ ಮತ್ತೆ ತಂದಿದ್ದೇನೆ. ಗಂಗೂಲಿ, ಗೋಪಾಲಕೃಷ್ಣನ್, ೧೯೭೮ರಲ್ಲಿ ಘನಗಳ ಸ್ಥಿತ್ಯಂತರಗಳನ್ನು ಕುರಿತ ಗ್ರಂಥವನ್ನು ಜೊತೆಯಾಗಿ ಬರೆದ ಕೆ.ಜೆ. ರಾವ್, ನ್ಯಾನೋ ವಸ್ತುಗಳ ಕಾಲದಲ್ಲಿ ಎ. ಗೋವಿಂದರಾಜ್ ಇವರನ್ನು ಬಿಟ್ಟು ಸಿ.ಎನ್.ಆರ್. ರಾವ್ ಅವರ ಕೆಲಸವನ್ನು ವಿವರಿಸಲಾಗದು. ಪ್ರಶಸ್ತಿಯು ಒಬ್ಬರನ್ನು ಗುರುತಿಸುತ್ತದೆ. ಲೇಖನದ ತಲೆಬರಹದ ಕೆಳಗಿನ ಸಾಲು ಹಲವರನ್ನು ನೆನೆಯುತ್ತದೆ. ಗ್ರಂಥಾಲಯದಲ್ಲಿ ಕುಳಿತು ಬರೆಯುವವರು ಎರಡನೆಯದನ್ನೇ ನಂಬಬೇಕು.

ಆಡಳಿತದ ವಿಷಯ ಇಲ್ಲಿ ಮುಖ್ಯವಲ್ಲ. ೧೯೮೪ರಿಂದ ೧೯೯೪ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು, ೧೯೮೯ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಸ್ಥಾಪಕರು, ಪ್ರಧಾನಮಂತ್ರಿಗಳ ವೈಜ್ಞಾನಿಕ ಸಲಹಾ ಮಂಡಲಿಗೆ ಎರಡು ಅವಧಿಗಳಲ್ಲಿ ಅಧ್ಯಕ್ಷರು. ಇವುಗಳ ಮೌಲ್ಯಮಾಪನಕ್ಕೆ ಬೇರೆಯೇ ಪ್ರಬಂಧ ಬೇಕು. ಅತಿವಾಹಕದ ಆ ಓಟದ ತಿಂಗಳುಗಳಲ್ಲಿ ಅವರು ನಿರ್ದೇಶಕರೂ ಆಗಿದ್ದರೆಂಬುದನ್ನು ಮಾತ್ರ ನೆನಪಿಡಬೇಕು. ನಿರ್ದೇಶಕನ ಕುರ್ಚಿಯಲ್ಲಿ ಕುಳಿತ ಮೇಲೆ ಕುಲುಮೆಯ ಕಡೆ ತಿರುಗಿ ನೋಡದವರೇ ನಮ್ಮಲ್ಲಿ ಹೆಚ್ಚು.

ತೊಂಬತ್ತರ ದಶಕದ ಕೊನೆಯಿಂದ ಅವರು ನ್ಯಾನೋ ನಳಿಕೆಗಳು, ತಂತುಗಳು, ಗ್ರಾಫೀನ್ ಇವುಗಳತ್ತ ಹೊರಳಿದರು. ಈ ಹಂತದ ಲೇಖನಗಳಲ್ಲಿ ಕೌಶಲ ಅಪಾರವಾಗಿದ್ದರೂ ಹಿಂದಿನ ಏಕಾಗ್ರತೆ ಸಡಿಲಾಗಿದೆಯೆಂದು ನನ್ನ ಅಭಿಪ್ರಾಯ. ಆಕ್ಸೈಡುಗಳಲ್ಲಿ ಪ್ರಶ್ನೆ ಮೊದಲು, ವಸ್ತು ನಂತರ. ಇಲ್ಲಿ ಹಲವೊಮ್ಮೆ ವಸ್ತುವೇ ಮೊದಲು ಬಂದು ಪ್ರಶ್ನೆಯನ್ನು ಹುಡುಕುತ್ತದೆ. ಮಾಲಿಬ್ಡಿನಂ ಸಲ್ಫೈಡಿನ ನಳಿಕೆಗಳನ್ನು ತಯಾರಿಸಿದ ಸರಳ ವಿಧಾನ, ಅದೇ ಸಲ್ಫೈಡನ್ನು ೨೦೧೦ರಲ್ಲಿ ಗ್ರಾಫೀನಿನಂಥ ತೆಳುಹಾಳೆಗಳಾಗಿ ಪಡೆದ ಕೆಲಸ ಇವು ಇದಕ್ಕೆ ಅಪವಾದಗಳು. ಪದರಗಳ ರಸಾಯನವನ್ನು ಎಪ್ಪತ್ತರ ದಶಕದಿಂದಲೇ ಬಲ್ಲವರ ಗುರುತು ಅಲ್ಲಿ ಸ್ಪಷ್ಟವಾಗಿದೆ.

ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಅವರು ಮರಳಿದ್ದು ಮತ್ತೆ ಆಕ್ಸೈಡಿನ ಹೊಸ್ತಿಲಿಗೆ. ಅಲ್ಲಿಯವರೆಗೆ ಎಲ್ಲರಂತೆ ಅವರೂ ಬದಲಿಸುತ್ತಿದ್ದುದು ಲೋಹವನ್ನು. ಆಮ್ಲಜನಕವನ್ನು ಬಹುಮಟ್ಟಿಗೆ ಅದರ ಪಾಡಿಗೆ ಬಿಟ್ಟಿದ್ದರು. ಈಗ ಕೈ ಹಾಕಿದ್ದು ಆಮ್ಲಜನಕದ ಮೇಲೆಯೇ. ಆಕ್ಸೈಡಿನಲ್ಲಿ ಪ್ರತಿ ಆಮ್ಲಜನಕಕ್ಕೆ ಎರಡು ಋಣ ವಿದ್ಯುದಂಶ. ಎರಡು ಆಮ್ಲಜನಕಗಳನ್ನು ತೆಗೆದು ಅವುಗಳ ಜಾಗದಲ್ಲಿ ಮೂರು ಋಣಾಂಶದ ಒಂದು ಸಾರಜನಕವನ್ನೂ ಒಂದು ಋಣಾಂಶದ ಒಂದು ಫ್ಲೋರಿನನ್ನೂ ಇಟ್ಟರೆ ಲೆಕ್ಕ ಸರಿಹೋಗುತ್ತದೆ, ಸ್ಫಟಿಕ ಕೆಡುವುದಿಲ್ಲ. ಆದರೆ ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಬದಲಾಗಿ ಬಿಳಿಯ ಪುಡಿ ಬಣ್ಣ ತಳೆಯುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನು ಹೀರತೊಡಗುತ್ತದೆ. ಈ ವಿಚಾರವಾಗಿ ಅವರ ಗುಂಪು ೨೦೧೩ರಲ್ಲಿ ‘ಇನಾರ್ಗ್ಯಾನಿಕ್ ಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಆರಿಸಿಕೊಂಡ ವಸ್ತು ಟೈಟೇನಿಯಂ ಡೈಆಕ್ಸೈಡ್; ಐವತ್ತು ವರ್ಷಗಳ ಹಿಂದೆ ಬೆಂಗಳೂರಿನ ಕುಲುಮೆಯಲ್ಲಿ ಅನಟೇಸ್ ರುಟೈಲಾಗುವುದನ್ನು ಗಡಿಯಾರ ಹಿಡಿದು ಅಳೆದಿದ್ದ ಅದೇ ಬಿಳಿಯ ಪುಡಿ.